ಗಾಜು ಬಿದ್ದದ್ದು ಜಗಲಿಯ ಕಡೆಗೆ

ಕೊಪ್ಪ, ಮದ್ದೂರು ತಾಲ್ಲೂಕು
ಗುರುವಾರ, 12 ಜೂನ್ 2025

ನಾಗಮಣಿ,

ಎಂ.ಎ. ಮುಗಿದು ಇಪ್ಪತ್ತೈದು ವರ್ಷವಾಯಿತು. 'ಪ್ರೀತಿಯ' ಎನ್ನದೆ ನಿನಗೆ ಪತ್ರ ಶುರುಮಾಡುತ್ತಿರುವುದು ಇದೇ ಮೊದಲು. ಆ ಪದದ ಯೋಗ್ಯತೆ ಉಳಿದಿದ್ದರೆ ಕೊನೆಯಲ್ಲಿ ಬರೆಯುತ್ತೇನೆ.

ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಒಟ್ಟಿಗೆ ನೋಡಿದ ಸಿನಿಮಾ ತಲೆಯಿಂದ ಹೋಗುತ್ತಿಲ್ಲ. ಕಿಟಕಿ ಒಡೆದು ನುಗ್ಗುವ ಹೆಂಗಸು, ಮನೆಯೊಡತಿಯ ಬಟ್ಟೆ ತೊಟ್ಟು ಅವಳ ಅಡುಗೆಮನೆಯಲ್ಲೇ ನಿಲ್ಲುತ್ತಾಳೆ. ಕೊನೆಗೆ ಒಡತಿ ಅವಳನ್ನು ಹೊರಗಟ್ಟಿದಾಗ ನಮ್ಮವರು ಚಪ್ಪಾಳೆ ತಟ್ಟಿದರು. ನೀನು ಮಾತ್ರ, "ಪಾಪ ಕಣೆ, ಅವಳಿಗೆ ಇರೋಕೆ ಜಾಗ ಇರ್ಲಿಲ್ವೇನೋ" ಎಂದೆ. ನನಗೆ ಮೈ ಉರಿಯಿತು.

ಕವಿತೆಯಾದರೆ ಹೇಳದೆ ಬಿಟ್ಟದ್ದನ್ನು ಹುಡುಕಿ ಓದುತ್ತೇವೆ. ಈ ಕಥೆಯನ್ನೂ ಹಾಗೆ ಓದಿ ನೋಡು. ಗಾಜಿನ ಚೂರು ಬಿದ್ದದ್ದು ಒಳಗಲ್ಲ, ಹೊರಗೆ, ಜಗಲಿಯ ಮೇಲೆ. ನಾಯಿ ಬೊಗಳಲೇ ಇಲ್ಲ. ಯಾರೂ ನುಗ್ಗಿರಲಿಲ್ಲ, ನಾಗಮಣಿ. ಒಡತಿಯೇ ಕರೆದು ತನ್ನ ಬಟ್ಟೆ ಕೊಟ್ಟಿದ್ದಳು. ಬಂದವಳನ್ನು ಮನೆಯವರು ಹಚ್ಚಿಕೊಂಡಾಗ ಸಹಿಸಲಾರದೆ, ಒಳಗಿನಿಂದ ತಾನೇ ಗಾಜು ಒಡೆದಳು.

ನಿನಗೆ ಮದ್ದೂರಿನ ಶಾಲೆಗೆ ವರ್ಗವಾದಾಗ, ಬಾಡಿಗೆ ಮನೆ ಸಿಗುವವರೆಗೆ ನಮ್ಮಲ್ಲೇ ಇರು ಎಂದವಳು ನಾನು. ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಹನ್ನೆರಡು ದಿನ ಮೈಸೂರಿಗೆ ಹೊರಟಾಗ, ಹಸು ಹೊಸ ಕೈಗೆ ಹಾಲಿಳಿಸುವುದಿಲ್ಲವೆಂದು, ಹಾಲು ಕರೆಯಲು ಉಡುವ ನನ್ನ ಹಸಿರು ಸೀರೆಯನ್ನು ಒಗೆಯದೆ ನಿನಗೆ ಕೊಟ್ಟವಳೂ ನಾನೇ. ವಾಸನೆಗೆ ಮೋಸಹೋಗಲಿ ಎಂದು.

ತಿರುಗಿ ಬಂದಾಗ ಹಸು ಮೋಸಹೋಗಿರಲಿಲ್ಲ, ಒಲಿದಿತ್ತು. ಅತ್ತೆ ಹೊಸ್ತಿಲಲ್ಲೇ ಶುರುಮಾಡಿದರು: "ನಾಗಮಣಿ ಕೈಗೆ ಅರ್ಧ ಲೀಟ್ರು ಜಾಸ್ತಿ ಕೊಡ್ತದೆ ಕಣಮ್ಮ. ನೀನು ಪುಸ್ತಕ ಇಡ್ಕೊಂಡಂಗೆ ಕೆಚ್ಲು ಇಡ್ಕೊಂಡ್ರೆ ಒದೀದೆ ಇನ್ನೇನ್ ಮಾಡೀತು?" ನೀವಿಬ್ಬರೂ ನಕ್ಕಿರಿ. ನಮ್ಮವರು ನಿನ್ನ ಬಸ್ಸಾರಿಗೆ ಎರಡನೇ ಮುದ್ದೆ ಕೇಳಿದರು. ನನ್ನ ಸಾರಿಗೆ ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಕೇಳಿದ್ದು ನೆನಪಿಲ್ಲ. ನನ್ನ ಮನೆಯಲ್ಲಿ ನಾನೇ ನೆಂಟಳಂತೆ ಕೂತಿದ್ದೆ.

ಸೋಮವಾರ ಬೆಳಿಗ್ಗೆ ಕರು ಬಿಚ್ಚಿಕೊಂಡು ಹಾಲೆಲ್ಲ ಕುಡಿದು, ಡೇರಿಗೆ ಹಾಕಲು ತೊಟ್ಟೂ ಉಳಿಯಲಿಲ್ಲವಲ್ಲ, ನೀನು ಹಗ್ಗ ಬಿಗಿದಿರಲಿಲ್ಲವೆಂದು ಹೇಳಿದವಳು ನಾನು. "ಕಂಡೋರ್ ಕೈಗೆ ಕೊಟ್ಟಿಗೆ ಒಪ್ಸುದ್ರೆ ಇಂಗೇಯಾ" ಎಂದು ಅತ್ತೆ ಕೂಗಿದಾಗ ನೀನು ನನ್ನ ಮುಖ ನೋಡಿದೆ. ಚೀಲ ತೆಗೆದುಕೊಂಡು, ಕಿರುಗಾವಲಿನ ಅಣ್ಣನ ಮನೆಗೆಂದು ಬಸ್ಸು ಹತ್ತಿದೆ.

ಗಂಟನ್ನು ನೀನು ಬಿಗಿಯಾಗಿಯೇ ಹಾಕಿದ್ದೆ. ಬಿಚ್ಚುವಾಗ ನನ್ನ ಉಗುರು ಮುರಿಯಿತು.

ಅಲ್ಲಿಂದ ಶಾಲೆಗೆ ದಿನವೂ ಎರಡು ಬಸ್ಸು ಬದಲಿಸುತ್ತಿದ್ದೀಯಂತೆ. ವಾಪಸ್ಸು ಬಾ. ನೀನು ಬರುವ ಮೊದಲೇ ಅತ್ತೆಗೂ ಇವರಿಗೂ ನಿಜ ಹೇಳಿಬಿಡುತ್ತೇನೆ.

ಪ್ರೀತಿಯ, ಅನ್ನಬಹುದಾದರೆ,
ಮೋಹಿನಿ

ಮಡಚುವ ಮೊದಲು: ಹಸಿರು ಸೀರೆಯನ್ನು ನೀನು ಕೊಟ್ಟಿಗೆಯ ಗೂಟದಲ್ಲೇ ಬಿಟ್ಟುಹೋಗಿದ್ದೆ. ಎರಡು ದಿನ ಹಸು ನನ್ನನ್ನು ಒದ್ದಿತು. ಈ ಬೆಳಿಗ್ಗೆ ಒಗೆಯದೆ, ನಿನ್ನ ವಾಸನೆಯೊಂದಿಗೇ ಅದನ್ನು ಉಟ್ಟು ಕೂತೆ. ಪೂರಾ ಹಾಲು ಕೊಟ್ಟಿತು. "ಅವ್ಳು ಅತ್ಲಾಗ್ ಓದ್ಮೇಲೆ ನಿನ್ ಕೈ ಸರಿ ಓಯ್ತು ಕಣಮ್ಮ" ಎಂದರು ಅತ್ತೆ.

ನಾನು ಹೌದೆಂದೆ.