ವೀರಗಲ್ಲಿನ ಮೂರನೆಯ ಸಾಲು

ಹೋಳೂರು
೧೮ ನವೆಂಬರ್ ೨೦೨೪

ಪ್ರೀತಿಯ ಶ್ವೇತಳಿಗೆ,

ನಿನ್ನ ಪತ್ರ ತಲುಪಿ ಒಂದೂವರೆ ತಿಂಗಳಾಯಿತು. ಉತ್ತರ ತಡವಾದುದನ್ನು ಮನ್ನಿಸು. ಸ್ಕಾಟ್ಲೆಂಡಿನ ಆ ಚಳಿಯಲ್ಲಿ ನಿನ್ನ ಕೆಮ್ಮು ವಾಸಿಯಾಯಿತೆ?

ನೀನು ನರ್ಸ್ ಆಗಿರುವ ಆ ಪುಟ್ಟ ಹಳ್ಳಿಯವರು ತಮ್ಮ ಚರಿತ್ರೆಯನ್ನು ತಾವೇ ಬರೆದುಕೊಂಡಿದ್ದಾರೆ, ಹಳೆಯ ಗಿರಣಿ, ಸೇತುವೆ, ಸಮಾಧಿಗಲ್ಲು ಯಾವುದನ್ನೂ ಬಿಟ್ಟಿಲ್ಲ ಎಂದು ಬರೆದಿದ್ದೆಯಲ್ಲ, ಅದನ್ನೋದಿ ನನಗೂ ಹಟ ಹಿಡಿಯಿತು. ಇತಿಹಾಸದಲ್ಲಿ ಮೊದಲ ರ‍್ಯಾಂಕ್ ಪಡೆದ ನಾನಿರುವಾಗ ನಮ್ಮೂರಿಗೇಕೆ ಚರಿತ್ರೆಯಿಲ್ಲ? ಕೆರೆ ಏರಿಯ ವೀರಗಲ್ಲಿನಿಂದಲೇ ಆರಂಭಿಸಿದೆ.

ಆ ಕಲ್ಲಿಗೆ ಎಣ್ಣೆ ಎರೆಯಬಹುದು, ತೊಳೆಯಬಾರದು ಎಂಬ ಕಟ್ಟಳೆ ನಿನಗೆ ಗೊತ್ತು. ಮೊದಲ ಎಣ್ಣೆ ವೀರನ ವಂಶದವರದು. ಅವನು ಊರು ಕಾಯುತ್ತಿದ್ದ ನಿಮ್ಮ ತಳವಾರರ ಮನೆಯವನೆಂಬ ನಂಬಿಕೆಯಿಂದ ಐವತ್ತು ವರ್ಷ ಪ್ರತಿ ಅಮಾವಾಸ್ಯೆಯೂ ನಿನ್ನ ಅಜ್ಜಿ ಮುನಿಯಲ್ಲಮ್ಮನವರೇ ಎಣ್ಣೆ ಎರೆದರು. ನಾನು ಪಂಚಾಯಿತಿಯನ್ನು ಒಪ್ಪಿಸಿ, ಬಿಸಿನೀರು, ಸೀಗೆಪುಡಿ ಹಾಕಿ ಕಲ್ಲನ್ನು ಉಜ್ಜಿದೆ. ಮಧ್ಯಾಹ್ನದ ಹೊತ್ತಿಗೆ ಮೂರು ಸಾಲು ಎದ್ದು ಕಂಡವು. ಊರೆಲ್ಲ ಸುತ್ತ ನಿಂತಿತ್ತು. ದನ ಹೊಡೆದೊಯ್ದವರೊಡನೆ ಹೋರಾಡಿ ಮಡಿದನೆಂದು ಎರಡು ಸಾಲು ಓದಿದೆ. ಅವನು ಯಾರೆಂಬುದು ಮೂರನೆಯ ಸಾಲಿನಲ್ಲಿತ್ತು.

“ಏನಮ್ಮಾ, ನಮ್ಮೋರೇ ತಾನೇ? ಜೋರಾಗ್ ಓದು, ಎಲ್ರಿಗೂ ಕೇಳ್ಲಿ,” ಎಂದರು ಅಪ್ಪ.

ಆ ಸಾಲು ಸವೆದಿತ್ತು. ಊಹಿಸಿ ‘ಗಾವುಂಡ’ ಎಂದು ಓದಿದೆ. ಗಾವುಂಡನೆಂದರೆ ಗೌಡ, ಊರ ಗೌಡರ ಮನೆ ನಮ್ಮದು.

“ಅಯ್ಯೋ, ಇಷ್ಟ್ ದಿನ ಗೌಡ್ರ ತಲೆಗೆ ತಳವಾರ್ರ ಮನೆ ಎಣ್ಣೇನಾ? ಅದ್ಕೇ ಕಣ್ರೋ ಕೆರೆ ತುಂಬ್ಲಿಲ್ಲ!” ಎಂದು ಗಂಗುಲಪ್ಪ ಕೂಗಿದ. ಜನ ನಕ್ಕರು. ನಿನ್ನ ಅಜ್ಜಿಯೂ ನಕ್ಕರು. ಅನಂತರ ಎಣ್ಣೆಯ ಗಿಂಡಿಯನ್ನು ನನ್ನ ಕೈಗಿತ್ತು, “ಓದಿರೋಳು ನೀನೇ ಹೇಳಿದ್ಮೇಲೆ ಇನ್ನೇನೈತಮ್ಮಾ. ಹುಷಾರು, ತಳ ಸೋರ್ತದೆ,” ಎಂದರು.

ಅಂದಿನಿಂದ ನನಗೆ ಭಯ. ಕಳೆದ ಅಮಾವಾಸ್ಯೆಯಂದು ನಾನು ಎಣ್ಣೆ ಎರೆಯುವಾಗ ಅವರು ಏರಿಯ ಕೆಳಗೆ ಬರಿಗೈಯಲ್ಲಿ ನಿಂತಿದ್ದರು. ಗಿಂಡಿಯ ತಳ ಸೋರಿ ಅರ್ಧ ಎಣ್ಣೆ ನನ್ನ ಪಾದದ ಮೇಲೆಯೇ ಚೆಲ್ಲಿತು. ಕಲ್ಲು ಮತ್ತೆ ಕಪ್ಪಾಗುತ್ತಿದೆ. ಆದರೆ ಬರುವ ಭಾನುವಾರ ಅದರ ಪಕ್ಕದಲ್ಲಿ ನನ್ನ ಓದನ್ನು ಕೆತ್ತಿಸಿದ ಗ್ರಾನೈಟ್ ಫಲಕ ನಿಲ್ಲಲಿದೆ. ಕೆಳಗೆ ನನ್ನ ಹೆಸರೂ ಇದೆ, ರ‍್ಯಾಂಕ್ ಸಮೇತ. ಹಳೆಯ ಲಿಪಿ ಬಲ್ಲ ಬೇರೊಬ್ಬರು ಬಂದು ಓದಿದರೆ? ಅಪರಿಚಿತ ಬೈಕೊಂದು ಮನೆಯ ಮುಂದೆ ನಿಂತರೂ ಒಳಗೆ ಹೋಗಿ ಅಡಗುತ್ತೇನೆ. “ಯಾಕೆ, ಜ್ವರಾನಾ?” ಎಂದು ಅಪ್ಪ ಹಣೆ ಮುಟ್ಟಿ ನೋಡುತ್ತಾರೆ. ಆ ಕೈ ತಾಗಿದರೆ ಇನ್ನಷ್ಟು ಹೆದರಿಕೆ.

ನಿನ್ನ ಕೈಗುಣ ಹೆಚ್ಚಲಿ. ಪರದೇಶದಲ್ಲಿ ಯಾವ ಕೆಡುಕೂ ನಿನ್ನನ್ನು ಮುಟ್ಟದಿರಲಿ.

ನಿನ್ನ ಗೆಳತಿ,
ಆಶಾರಾಣಿ

ವಿ.ಸೂ.: ಮೂರನೆಯ ಸಾಲು ಸವೆದಿರಲಿಲ್ಲ. ‘ತಳವಾರ’ ಎಂದೇ ಇತ್ತು, ಸ್ಪಷ್ಟವಾಗಿ. ಎದುರಿಗೆ ಅಪ್ಪ ನಿಂತಿದ್ದರು. ‘ಗಾವುಂಡ’ ಎಂದುಬಿಟ್ಟೆ. ಅಂದು ತೆಗೆದ ಚಿತ್ರವನ್ನು ಇದರೊಳಗಿಟ್ಟಿದ್ದೇನೆ. ಲಿಪಿ ಬಲ್ಲ ಯಾರಿಗಾದರೂ ತೋರಿಸು. ಫೋನಿನಲ್ಲಿ ಕ್ಷಣದಲ್ಲೇ ಕಳಿಸಬಹುದಿತ್ತು. ಅಂಚೆ ಸೇರಲು ಹದಿನೈದು ದಿನವಾದರೂ ಬೇಕೆಂದು ಕೇಳಿ ತಿಳಿದುಕೊಂಡೇ ಅಂಚೆಗೆ ಹಾಕುತ್ತಿದ್ದೇನೆ, ಶ್ವೇತ. ನೀನು ಇದನ್ನು ಓದುವಾಗ ಫಲಕ ನಿಂತಿರುತ್ತದೆ.