ತಲಘಟ್ಟಪುರದ ಬಸ್ಸಿನಿಂದ ಕಂಡ ಓಟ

ಮಂಗಳಾ,

ಮೊದಲನೇ ಶಿಫ್ಟಿಗೆ ಹೊರಟೆ. ನಿನ್ನ ಎಬ್ಬಿಸೋಕೆ ಮನಸ್ಸು ಬರಲಿಲ್ಲ. ಹಂಡೇಲಿ ಬಿಸಿನೀರಿದೆ, ಉಪ್ಪು ಹಾಕಿ ಕಾಲು ಅದ್ದಿಟ್ಟುಕೋ. ಇವತ್ತೂ ಓಡ್ತೀನಿ ಅಂತ ಹಟ ಮಾಡಬೇಡ.

ಓಟ ನೋಡೋಕೆ ಮನೆಯಿಂದ ಯಾರೂ ಬರಲಿಲ್ಲ ಅಂತ ರಾತ್ರಿ ಊಟ ಬಿಟ್ಟು ಮಲಗಿದೆಯಂತೆ, ಅಮ್ಮ ಹೇಳಿದಳು. ರಜಾ ಕೊಡಲಿಲ್ಲ ಕಣೇ. ಆದರೆ ನಾನು ನೋಡಿದೆ.

ತಲಘಟ್ಟಪುರದಿಂದ ಬಸ್ಸು ವಾಪಸ್ಸು ಬರ್ತಿತ್ತು. ಬನಶಂಕರಿ ಗುಡಿ ಇನ್ನೂ ಸ್ವಲ್ಪ ದೂರ ಇರೋವಾಗ ಪೊಲೀಸಪ್ಪ ಕೈ ಅಡ್ಡ ಹಿಡಿದ. ಹೊಲದ ಬದುವಿನಿಂದ ಹುಡುಗೀರು ಓಡಿಬಂದು ರಸ್ತೆ ದಾಟ್ತಿದ್ದರು. ನಾಲ್ಕನೆಯವಳು ನೀನು! ಮೊಣಕಾಲಿನವರೆಗೂ ಕೆಸರು. ಹೋದ ವರ್ಷ ಅರ್ಧದಾರೀಲಿ ಕೂತು ಅತ್ತವಳು ಇವಳೇನಾ ಅನ್ನಿಸ್ತು. ಬಾಗಿಲಿಗೆ ಬಂದು ಕೈ ಬೀಸಿದೆ. ನೀನು ಬಸ್ಸಿನ ಕಡೆ ತಿರುಗಲೂ ಇಲ್ಲ.

ಪೊಲೀಸಪ್ಪ ಕೈ ಇಳಿಸಿದರೂ ನಾನು ರೈಟ್ ಅನ್ನಲಿಲ್ಲ. ಡ್ರೈವರ್ ಬೈರಣ್ಣ ಹಾರ್ನ್ ಹೊಡೆದ, ಜನ ಗೊಣಗಿದರು. ಮಾವಿನ ತೋಪಿನ ಹತ್ತಿರ ನೀನು ಮುಂದಿದ್ದವಳನ್ನ ಹಿಂದೆ ಹಾಕಿದ್ದು ಕಣ್ಣಾರೆ ನೋಡಿದ ಮೇಲೇನೇ ಸೀಟಿ ಊದಿದ್ದು.

ಸೊಪ್ಪಿನ ಬುಟ್ಟಿಯ ಅಜ್ಜಿಯೊಬ್ಬಳು, "ಅದ್ಯಾರ ಮಗಳಪ್ಪಾ, ಹಿಂಗೆ ಓಡ್ತಾಳೆ?" ಅಂದಳು.

"ನನ್ನ ಮಗಳು ಕಣಮ್ಮಾ" ಅಂದೆ. ಜೋರಾಗೇ ಅಂದೆ ಅಂತ ಕಾಣುತ್ತೆ, ಇಡೀ ಬಸ್ಸು ತಿರುಗಿ ನೋಡ್ತು. ಆಮೇಲೆ ಜಯನಗರ ಬರೋವರೆಗೂ ಯಾರೂ ಗೊಣಗಲಿಲ್ಲ.

ಅನ್ನ ಬಿಟ್ಟು ಮಲಗೋದು ಇದೇ ಕೊನೆ. ಉಪ್ಪಿಟ್ಟು ಮುಚ್ಚಿಟ್ಟಿದ್ದಾಳೆ ಅಮ್ಮ, ಪೂರ್ತಿ ತಿನ್ನು.

ಆಮೇಲೆ ಇನ್ನೊಬ್ಬಳನ್ನೂ ಹಿಂದೆ ಹಾಕಿ ನೀನು ತಂದ ಎರಡನೇ ಬಹುಮಾನದ ಕಪ್ಪನ್ನ ಅಮ್ಮ ಜೋಪಾನ ಅಂತ ಬೀರುವಿನೊಳಗೆ ಇಟ್ಟು ಬೀಗ ಹಾಕಿದ್ದಾಳೆ. ತೆಗೆಸಿ ಬೀದಿ ಕಡೆ ಕಿಟಕೀಲಿ ಇಡು. ಹೋಗೋರು ಬರೋರಿಗೆಲ್ಲ ಕಾಣಲಿ.

ಅಪ್ಪ