ದೂರದ ಲೆನ್ಸು

ಶ್ರೀನಿವಾಸಪುರ
22-12-2024

ರಜನಿ,

ಹೇಗಿದ್ದೀಯ ಎಂದು ಕೇಳಿ ಪತ್ರ ಶುರುಮಾಡಲು ಮನಸ್ಸು ಬರುತ್ತಿಲ್ಲ. ನೀನು ಹೇಗಿದ್ದೀಯ ಎಂಬುದನ್ನು ಕಣ್ಣಾರೆ ನೋಡಿದ್ದೇನೆ.

ಏಳನೇ ತಾರೀಕು ಶನಿವಾರ ಮಾಲೂರಿಗೆ ಬಂದಿದ್ದೆ, ನಮ್ಮ ಚಂದನಳ ಶಾಲೆಯ ಕ್ರೀಡಾಕೂಟಕ್ಕೆ. ನಮ್ಮ ಕಡೆ ತಲೆ ಹಾಕಬೇಡಿ ಎಂದು ಐದು ವರ್ಷದ ಹಿಂದೆ ನೀನು ಹೇಳಿದ್ದು ಮರೆತಿಲ್ಲ. ಅದಕ್ಕೇ ಗೇಟಿನೊಳಗೆ ಕಾಲಿಡದೆ ಮೈದಾನದ ಆಚೆ ತಂತಿಬೇಲಿಯ ಪಕ್ಕ ನಿಂತೆ. ಮಗಳು ಓಡುವುದನ್ನು ಫೋಟೋ ತೆಗೆದು ಹೊರಟುಬಿಡಬೇಕು ಎಂದಿದ್ದೆ.

ನನ್ನ ಫೋಟೋ ಸ್ಟುಡಿಯೋ ಮುಚ್ಚಿದಾಗ ಡಿಜಿಟಲ್ ಕ್ಯಾಮೆರಾಗಳೆಲ್ಲ ಹೋದವು. ಉಳಿದದ್ದು ಹಳೆಯ ರೀಲಿನ ಕ್ಯಾಮೆರಾ ಒಂದೇ. ಅದರ ಲೆನ್ಸಿನಲ್ಲಿ ಅಷ್ಟು ದೂರದಿಂದ ತೆಗೆದರೆ ಮಗಳು ಬೆಂಕಿಕಡ್ಡಿಯಷ್ಟೇ ಕಾಣುತ್ತಾಳೆ. ಹಾಗಾಗಿ ಕೋಲಾರದಲ್ಲಿ ಕ್ಯಾಮೆರಾ ರಿಪೇರಿ ಮಾಡುವ ಮುನಿಕೃಷ್ಣಪ್ಪನವರನ್ನು ಜೂಮ್ ಲೆನ್ಸ್ ಕೇಳಿದೆ. ಕ್ಯಾಮೆರಾ ಕಂಪನಿಯದ್ದೇ ಒಂದಿತ್ತು, ಒಳಗೆಲ್ಲ ಬೂಷ್ಟು ಹಿಡಿದಿತ್ತು. ಬೇರೆ ಕಂಪನಿಯವು ಎರಡು. ಒಂದು ಹತ್ತಿರಕ್ಕೂ ದೂರಕ್ಕೂ ಆಗುವಂಥದ್ದು, ಆದರೆ ಚಿತ್ರ ಮಂಕು. ಇನ್ನೊಂದು ಭಾರ, ಕೆಳಗೆ ಬಗ್ಗಿಸಿದರೆ ಕೊಳವೆ ತಾನಾಗಿ ಜಾರುತ್ತದೆ. ದೂರದ್ದು ಮಾತ್ರ ಸ್ಪಷ್ಟ.

"ಹತ್ರ ಇರೋರ್ನ ಇದು ತೆಗೆಯಲ್ಲ ಕಣಪ್ಪ, ಹಿಂದಕ್ಕೆ ಸರೀಬೇಕಾಗ್ತದೆ," ಅಂದರು.

"ನಾನು ಹತ್ರ ಹೋಗೋದಿಲ್ಲಣ್ಣ," ಅಂದೆ. ಅದನ್ನೇ ತಂದೆ.

ಓಟ ಶುರುವಾಗುವ ಮುಂಚೆ ಶಾಮಿಯಾನದ ಕಡೆ ಕ್ಯಾಮೆರಾ ತಿರುಗಿಸಿದೆ. ತಲೆಗೆ ಬಟ್ಟೆ ಕಟ್ಟಿಕೊಂಡ ಹೆಂಗಸೊಬ್ಬರು ಕೂತಿದ್ದರು. ಯಾರೋ ವಯಸ್ಸಾದವರು ಎಂದುಕೊಂಡೆ. ಚಂದನ ಓಡಿಬಂದು ಅವರ ಕೈಯಿಂದ ನೀರಿನ ಬಾಟಲಿ ತೆಗೆದುಕೊಂಡಳು. ಲೆನ್ಸನ್ನು ಇನ್ನಷ್ಟು ಎಳೆದು ನೋಡಿದೆ. ರವಿಕೆ ತೋಳಲ್ಲಿ ಜೋಲಾಡುತ್ತಿತ್ತು, ಮುಂಗೈಗೆ ಆಸ್ಪತ್ರೆಯ ಪಟ್ಟಿ ಅಂಟಿಸಿತ್ತು. ಅದು ನೀನು.

ಓಟದಲ್ಲಿ ಚಂದನ ಮೂರನೆಯವಳಾಗಿ ಬಂದಾಗ ನೀನು ಎದ್ದು ಚಪ್ಪಾಳೆ ತಟ್ಟಿದೆ. ತಲೆಯ ಬಟ್ಟೆ ಜಾರಿತು. ನೀನು ಎರಡೂ ಕೈಯಲ್ಲಿ ಹಿಡಿದು ಎಳೆದುಕೊಂಡು, ಯಾರಾದರೂ ನೋಡಿದರಾ ಎಂದು ಸುತ್ತ ಕಣ್ಣಾಡಿಸಿದೆ. ಅಲ್ಲಿದ್ದವರು ಯಾರೂ ನೋಡಲಿಲ್ಲ. ನಾನು ನೋಡಿದೆ. ಅದನ್ನು ತೆಗೆಯಲಿಲ್ಲ ರಜನಿ, ನಂಬು. ಮಗಳನ್ನು ತಬ್ಬಿಕೊಂಡು ನೀನು ನಕ್ಕಾಗ ಮಾತ್ರ ಒತ್ತಿದೆ. ಆಮೇಲೆ ಬಸ್ ಸ್ಟ್ಯಾಂಡಿಗೆ ನಡೆದೆ. ಎರಡು ಬಸ್ಸು ಕಣ್ಣೆದುರೇ ಹೋದವು, ಹತ್ತಲಾಗಲಿಲ್ಲ.

ನಿನ್ನ ಅಮ್ಮ ಸಾಯುವಾಗ ನಾನು ಮದನಪಲ್ಲಿಯಲ್ಲಿ ಮದುವೆಯೊಂದರ ಫೋಟೋ ತೆಗೆಯಲು ಹೋಗಿದ್ದೆ. ಕೆಲಸ ಮುಗಿದಿರಲಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ಮುಗಿದಿತ್ತು. ಕುಡಿದು ಮಲಗಿದ್ದೆ, ಫೋನ್ ಆಫ್ ಮಾಡಿದ್ದೆ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಈಗ ಕುಡಿಯುವುದಿಲ್ಲ. ಇದನ್ನು ನಂಬು ಎಂದು ಕೇಳುವುದಿಲ್ಲ.

ನಿನ್ನನ್ನು ಆಸ್ಪತ್ರೆಗೆ ಯಾರು ಕರೆದುಕೊಂಡು ಹೋಗುತ್ತಾರೆ? ಚಂದನಳಾದರೆ, ಅವಳಿಗೆ ಹದಿನಾಲ್ಕು. ಮುಂದಿನ ಸಲ ಯಾವತ್ತು ಎಂದು ಒಂದು ಸಾಲು ಬರಿ. ಮಾತಾಡಿಸಬೇಡ ಎಂದರೆ ಮಾತಾಡಿಸುವುದಿಲ್ಲ. ಹೊರಗಿನ ಬೆಂಚಿನಲ್ಲಿ ಕೂತಿರುತ್ತೇನೆ.

ನಿನ್ನ ಉತ್ತರ ಬರದಿದ್ದರೂ ತಪ್ಪು ತಿಳಿಯದ,
ಉಮಾಶಂಕರ

ತಾ.ಕ. ಕ್ರೀಡಾಕೂಟದ ವಿಷಯ ಹೇಳಿದ್ದು ಚಂದನಳೇ. ಗದರಬೇಡ. ಅವಳ ಓಟ ತೆಗೆಯಲು ಬಂದೆ ಎಂದು ಮೇಲೆ ಬರೆದದ್ದು ಅರ್ಧ ನಿಜ; ಅವಳು ಕರೆದದ್ದು ತನ್ನ ಫೋಟೋಕ್ಕಲ್ಲ, ನಿನ್ನದಕ್ಕೆ. "ಫೋನ್ ಎತ್ತಿದ್ರೆ ಅಮ್ಮ ಮುಖ ತಿರುಗಿಸ್ಕೊಳ್ತಾಳೆ ಅಪ್ಪ. ನೀನು ದೂರದಿಂದ ತೆಗಿ. ನಗ್ತಿರೋದು ಒಂದಾದ್ರೂ ನನ್ ಹತ್ರ ಇರ್ಲಿ," ಅಂದಳು. ಯಾಕೆ ಎಂದು ಶಾಮಿಯಾನದಲ್ಲಿ ನಿನ್ನನ್ನು ಕಂಡ ಮೇಲೆ ತಿಳಿಯಿತು. ಫೋಟೋ ಈ ಲಕೋಟೆಯಲ್ಲಿದೆ. ಅವಳಿಗೆ ನೀನೇ ಕೊಡು.